ಮನೆಯ ಲೇತಿನಲ್ಲಿ ಮಾಡಿದ ಬೀಡಿಂಗ್ ರೋಲ್: ತಗಡು ನೋಡಿ ದೋಷ ಹುಡುಕುವ ಬಗೆ

ಹಳೆಯ ಸ್ಕೂಟರಿನ ಫುಟ್‌ಬೋರ್ಡ್ ಮೇಲೆ ಕೈ ಆಡಿಸಿದರೆ ಉದ್ದುದ್ದ ಉಬ್ಬುಗೆರೆಗಳು ಬೆರಳಿಗೆ ಸಿಗುತ್ತವೆ. ತೆಳು ತಗಡಿಗೆ ಬಲ ಬರುವುದೇ ಆ ಉಬ್ಬಿನಿಂದ. ಕೂಲರಿನ ಟ್ರೇ, ಕಾಳಿನ ಡಬ್ಬಿ, ಎ.ಸಿ. ಡಕ್ಟ್, ಎಲ್ಲದರ ಮೇಲೂ ಅದೇ ಉಬ್ಬು. ತಗಡಿನ ಕೆಲಸದವರು ಅದಕ್ಕೆ ಬೀಡ್ ಅನ್ನುತ್ತಾರೆ. ಅದನ್ನು ಎಬ್ಬಿಸುವ ಕೈಮಶೀನಿನಲ್ಲಿ ಎರಡು ಶಾಫ್ಟ್, ಅವನ್ನು ಜೋಡಿಸುವ ಎರಡು ಗೇರ್, ಒಂದು ಹ್ಯಾಂಡಲ್, ಮೇಲಿನ ಶಾಫ್ಟನ್ನು ಒತ್ತುವ ಒಂದು ಸ್ಕ್ರೂ ಇರುತ್ತವೆ. ನಿಜವಾದ ಕೆಲಸ ಮಾಡುವುದು ಶಾಫ್ಟಿನ ತುದಿಯಲ್ಲಿ ಕೂತ ಒಂದು ಜೊತೆ ರೋಲ್. ಏಣು, ಅಂದರೆ ಸುತ್ತಲೂ ಉಬ್ಬಿದ ಗೆರೆ, ಇರುವುದು ಗಂಡು; ಗಾಡಿ, ಅಂದರೆ ಸುತ್ತಲೂ ಕೊರೆದ ತಗ್ಗು, ಇರುವುದು ಹೆಣ್ಣು.

ಮಶೀನಿನ ಚೌಕಟ್ಟನ್ನು ಚಾನೆಲ್, ಆಂಗಲ್ ಸೇರಿಸಿ ವೆಲ್ಡ್ ಮಾಡಿಸಿಕೊಳ್ಳಬಹುದು. ರೋಲ್‌ಗಳನ್ನು ಕೊಂಡರೆ ಖರ್ಚು ಏರುತ್ತದೆ, ಬೇಕಾದ ಅಳತೆಯೂ ಸಿಗುವುದಿಲ್ಲ. ಗುಜರಿಯಲ್ಲಿ ತೂಕಕ್ಕೆ ಸಿಗುವ ಮೈಲ್ಡ್ ಸ್ಟೀಲ್ ರೌಂಡಿನಿಂದ (ಮೆದು ಉಕ್ಕಿನ ದುಂಡು ಸರಳು), ಲೋಹವನ್ನು ತಿರುಗಿಸುತ್ತಾ ಕಡಿಯುವ ಮನೆಯ ಸಣ್ಣ ಲೇತಿನಲ್ಲೇ ಒಂದು ಜೊತೆ ರೋಲನ್ನು ಒಂದು ಭಾನುವಾರದಲ್ಲಿ ಮಾಡಿಕೊಳ್ಳಬಹುದು. ಆದರೆ ಲೇತಿನಲ್ಲಿ ಆದ ತಪ್ಪು ಅಲ್ಲಿ ಕಣ್ಣಿಗೆ ಬೀಳುವುದಿಲ್ಲ. ರೋಲ್ ಫಳಫಳ ಹೊಳೆಯುತ್ತಾ ಚೆನ್ನಾಗಿಯೇ ಕಾಣುತ್ತದೆ. ತಗಡು ಒಳಗೆ ಹೋಗಿ ಹೊರಗೆ ಬಂದಾಗ ಗೊತ್ತಾಗುತ್ತದೆ. ಹಾಗಾಗಿ ತಗಡಿನಿಂದ ಹಿಂದಕ್ಕೆ, ರೋಲಿಗೆ, ಶಾಫ್ಟಿಗೆ, ಕೊನೆಗೆ ಲೇತಿಗೆ ಹೋಗುವ ದಾರಿಯನ್ನು ಇಲ್ಲಿ ಬರೆದಿದ್ದೇನೆ. ಲೆಕ್ಕಕ್ಕೆ ಒಂದೇ ಅಳತೆ ಇಟ್ಟುಕೊಂಡಿದ್ದೇನೆ: 60 ಮಿ.ಮೀ. ವ್ಯಾಸದ ರೋಲ್, 22 ಮಿ.ಮೀ. ಶಾಫ್ಟ್, 6 ಮಿ.ಮೀ. ಅಗಲದ ಬೀಡ್, 20 ಗೇಜ್ ತಗಡು, ಅಂದರೆ ಸುಮಾರು 0.9 ಮಿ.ಮೀ. ದಪ್ಪ.

ಕೈಗೆ ಬೇಕಾದದ್ದು ಕಡಿಮೆ. ಒಂದು ವರ್ನಿಯರ್ ಕ್ಯಾಲಿಪರ್, ಮ್ಯಾಗ್ನೆಟ್ ಸ್ಟ್ಯಾಂಡ್ ಇರುವ ಒಂದು ಡಯಲ್ ಗೇಜ್ (ಸಣ್ಣ ಏರಿಳಿತವನ್ನು ಮುಳ್ಳಿನಿಂದ ತೋರಿಸುವ ಗೇಜ್), ಮಾರ್ಕರ್ ಪೆನ್, ಒಂದು ಗೇಣು ಸೋಲ್ಡರ್ ತಂತಿ, 50 ಮಿ.ಮೀ. ಅಗಲ 600 ಮಿ.ಮೀ. ಉದ್ದಕ್ಕೆ ಕತ್ತರಿಸಿದ ನಾಲ್ಕೈದು ತುಂಡು ತಗಡು. ತುಂಡು ಇದಕ್ಕಿಂತ ಗಿಡ್ಡವಾದರೆ ರೋಲ್ ಮೂರು ಸುತ್ತು ತಿರುಗುವುದಿಲ್ಲ. ಮೂರು ಸುತ್ತು ತಿರುಗದೆ ಕೆಲವು ದೋಷಗಳು ತೋರುವುದೇ ಇಲ್ಲ.

ಕೆಲಸಕ್ಕೆ ಕೈ ಹಾಕುವ ಮೊದಲು

ಲೇತ್ ತಿರುಗುವಾಗ ಗ್ಲೌಸ್ ಬೇಡ. ಪಂಚೆ, ಶಾಲು, ದುಪಟ್ಟಾ, ಕಡಗ, ಉಂಗುರ ಯಾವುದೂ ಬೇಡ. ತೋಳು ಮಡಚಿಕೊಳ್ಳಿ. ಕಣ್ಣಿಗೆ ಕನ್ನಡಕ ಇರಲೇಬೇಕು. ಲೇತಿನಲ್ಲಿ ಕೆಲಸವನ್ನು ಹಿಡಿದು ತಿರುಗುವ ಭಾಗ ಚಕ್; ಅದನ್ನು ಬಿಗಿಯುವ ಕೀಯಿಂದ ಕೈ ತೆಗೆಯುವ ಮೊದಲು ಕೀಯನ್ನು ಚಕ್‌ನಿಂದ ತೆಗೆಯಿರಿ, ಇದಕ್ಕೆ ವಿನಾಯಿತಿಯೇ ಇಲ್ಲ. ಉದ್ದನೆಯ ಸುರುಳಿ ಚಿಪ್ಸನ್ನು ಬರಿಗೈಯಲ್ಲಿ ಎಳೆಯಬಾರದು. ಲೇತ್ ನಿಲ್ಲಿಸಿ ಕೊಕ್ಕೆಯಿಂದ ತೆಗೆಯಿರಿ. ಎಮರಿ ಪೇಪರನ್ನು ಬೆರಳಿಗೆ ಸುತ್ತಿಕೊಂಡು ತಿರುಗುವ ರೋಲಿಗೆ ಹಿಡಿಯಬೇಡಿ. ಅದು ಸುತ್ತಿಕೊಂಡರೆ ಬೆರಳೂ ಜೊತೆಗೆ ಹೋಗುತ್ತದೆ.

ಬೀಡಿಂಗ್ ಮಶೀನ್ ನಿಧಾನವಾಗಿ ತಿರುಗುತ್ತದೆ, ಅದಕ್ಕೇ ಜನ ಎಚ್ಚರ ತಪ್ಪುತ್ತಾರೆ. ತಗಡಿನ ಅಂಚು ಬ್ಲೇಡಿನ ಹಾಗಿರುತ್ತದೆ, ಎರಡು ರೋಲ್ ಕೂಡುವ ಕಡೆ ಬೆರಳು ಸಿಕ್ಕರೆ ಬಿಡುವುದಿಲ್ಲ. ಹ್ಯಾಂಡಲ್ ತಿರುಗಿಸುವವರು ಒಬ್ಬರು, ತಗಡು ಹಿಡಿಯುವವರು ಇನ್ನೊಬ್ಬರು ಆದಾಗ ತಗಡು ಹಿಡಿದವರ ಮಾತೇ ನಡೆಯಬೇಕು. ಅವರು ಹೇಳದೆ ಹ್ಯಾಂಡಲ್ ಅಲ್ಲಾಡಬಾರದು.

ಬೀಡ್ ಒಂದು ಕಡೆ ಆಳ, ಇನ್ನೊಂದು ಕಡೆ ತೇಲಿದಂತೆ

ಹೆಚ್ಚು ಜನರನ್ನು ಕಾಡುವ ದೋಷ ಇದು. ನನ್ನನ್ನೂ ಕಾಡಿದೆ. ನಾನು ಮಾಡಿದ ಮೊದಲ ಜೊತೆಯಲ್ಲಿ ಸ್ಕೂಟರ್ ತಗಡನ್ನು ಹಾಯಿಸಿ ಕಿಟಕಿಯ ಬೆಳಕಿಗೆ ಹಿಡಿದಾಗ, ಬೀಡಿನ ಮೇಲಿನ ಹೊಳಪು ಅಗಲವಾಗಿ, ಸಣ್ಣಗಾಗಿ, ಮತ್ತೆ ಅಗಲವಾಗಿ ಹಾವಿನ ಹಾಗೆ ಓಡುತ್ತಿತ್ತು. ಶಾಫ್ಟ್ ಬಗ್ಗಿದೆ ಎಂದುಕೊಂಡು ಮಶೀನನ್ನೇ ಬಿಚ್ಚಿ ಹಾಕಿದೆ. ಎರಡು ದಿನ ಹೋಯಿತು. ಅಳೆದು ನೋಡಿದ್ದರೆ ಹತ್ತು ನಿಮಿಷದಲ್ಲಿ ತಿಳಿಯುತ್ತಿತ್ತು.

ಮೊದಲು ತಗಡನ್ನು ಅಳೆಯಿರಿ. ಬೀಡ್ ತೀರಾ ತೇಲಿರುವ ಜಾಗಗಳಿಗೆಲ್ಲ ಮಾರ್ಕರ್ ಹಾಕಿ, ಒಂದರಿಂದ ಇನ್ನೊಂದಕ್ಕೆ ಎಷ್ಟು ದೂರ ನೋಡಿ. 60 ಮಿ.ಮೀ. ರೋಲಿನ ಒಂದು ಸುತ್ತು ಎಂದರೆ 60 ಅನ್ನು 3.14ರಿಂದ ಗುಣಿಸಿದಷ್ಟು, ಸುಮಾರು 188 ಮಿ.ಮೀ. ಗುರುತುಗಳ ನಡುವೆ 185ರಿಂದ 190 ಬಂದರೆ ದೋಷ ಸುತ್ತಿಗೊಮ್ಮೆ ಬರುತ್ತಿದೆ ಎಂದರ್ಥ: ರೋಲ್ ಅಥವಾ ಶಾಫ್ಟ್ ಔಟ್ ಇದೆ, ಅಂದರೆ ತನ್ನ ನಡುವಿನ ಮೇಲೆ ಸರಿಯಾಗಿ ತಿರುಗುತ್ತಿಲ್ಲ. 9 ಮಿ.ಮೀ. ಆಸುಪಾಸಿಗೆ ಒಂದರಂತೆ ಸಣ್ಣ ಏರಿಳಿತ ಬರುತ್ತಿದ್ದರೆ ಗೇರ್ ಕಡೆ ನೋಡಿ. 20 ಹಲ್ಲಿನ ಗೇರಿನಲ್ಲಿ 188 ಭಾಗಿಸು 20 ಅಂದರೆ 9.4, ಪ್ರತಿ ಹಲ್ಲೂ ತನ್ನ ಗುರುತು ಬಿಡುತ್ತಿದೆ. ಯಾವ ಲೆಕ್ಕಕ್ಕೂ ಸಿಗದೆ ಎಲ್ಲೆಂದರಲ್ಲಿ ಆಳ ಬದಲಾಗುತ್ತಿದ್ದರೆ ಮೇಲಿನ ಒತ್ತುವ ಸ್ಕ್ರೂ ತಾನಾಗಿ ಸಡಿಲವಾಗುತ್ತಿದೆ, ಅಥವಾ ಚೌಕಟ್ಟೇ ಬಾಯಿ ಬಿಡುತ್ತಿದೆ. ಸ್ಕ್ರೂಗೆ ಒಂದು ಲಾಕ್ ನಟ್ ಹಾಕಿದರೆ ಮೊದಲನೆಯದು ಹೋಗುತ್ತದೆ.

ಸುತ್ತಿಗೊಮ್ಮೆ ಬರುವ ದೋಷವೇ ಆದರೆ ಗ್ರಬ್ ಸ್ಕ್ರೂ (ರೋಲನ್ನು ಶಾಫ್ಟಿಗೆ ಬಿಗಿಯುವ ತಲೆಯಿಲ್ಲದ ಸಣ್ಣ ಸ್ಕ್ರೂ) ಬಿಗಿ ಇದೆಯೇ ನೋಡಿಕೊಂಡು ಎರಡೂ ರೋಲ್ ತೆಗೆಯಿರಿ. ಡಯಲ್ ಗೇಜಿನ ಮುಳ್ಳನ್ನು ಬರೀ ಶಾಫ್ಟಿನ ಮೇಲೆ, ರೋಲ್ ಕೂರುವ ಜಾಗದಲ್ಲೇ ಇಟ್ಟು ಹ್ಯಾಂಡಲನ್ನು ನಿಧಾನವಾಗಿ ಒಂದು ಸುತ್ತು ತಿರುಗಿಸಿ. ಮುಳ್ಳು 0.05 ಮಿ.ಮೀ. ಒಳಗೆ ಆಡಿದರೆ ಶಾಫ್ಟ್ ತಪ್ಪಿಲ್ಲ. ಈಗ ರೋಲ್ ಹಾಕಿ, ರೋಲಿನ ಮೇಲೆ ಅದೇ ಪರೀಕ್ಷೆ. ನನಗೆ ಮೇಲಿನ ರೋಲಿನಲ್ಲಿ 0.2 ಸಿಕ್ಕಿತ್ತು.

ಡಯಲ್ ಗೇಜ್ ಇಲ್ಲದವರಿಗೆ ಇನ್ನೊಂದು ದಾರಿ ಇದೆ. ಎರಡೂ ರೋಲಿನ ಮೇಲೆ ಒಂದೊಂದು ಮಾರ್ಕರ್ ಗೆರೆ ಎಳೆದು, ಎರಡೂ ಗೆರೆ ಮುಖಾಮುಖಿ ಆಗುವಂತೆ ಇಟ್ಟು ತುಂಡು ತಗಡು ಹಾಯಿಸಿ. ಆಮೇಲೆ ಕೆಳಗಿನ ರೋಲನ್ನು ಮಾತ್ರ ಸಡಿಲಿಸಿ, ಶಾಫ್ಟಿನ ಮೇಲೆ ಅರ್ಧ ಸುತ್ತು ತಿರುಗಿಸಿ, ಬಿಗಿದು, ಹೊಸ ತುಂಡು ಹಾಯಿಸಿ. ಮೇಲಿನ ಗೆರೆಗೆ ಹೋಲಿಸಿದರೆ ತೇಲಿದ ಜಾಗ ಸುಮಾರು 94 ಮಿ.ಮೀ. ಸರಿದಿದ್ದರೆ ತಪ್ಪು ಕೆಳಗಿನ ರೋಲಿನದು. ಅಲ್ಲೇ ಇದ್ದರೆ ಮೇಲಿನ ರೋಲ್ ಇಲ್ಲವೇ ಶಾಫ್ಟ್.

ರೋಲ್ ಔಟ್ ಆಗಲು ಕಾರಣ ಸಾಮಾನ್ಯವಾಗಿ ಎರಡೇ. ಒಂದು, ಬೋರ್, ಅಂದರೆ ರೋಲಿನ ನಡುವಿನ ತೂತು, ದೊಡ್ಡದಾಗಿದೆ. 22 ಮಿ.ಮೀ. ಶಾಫ್ಟಿಗೆ 22.2 ಬೋರ್ ಆದರೆ ಗ್ರಬ್ ಸ್ಕ್ರೂ ಬಿಗಿದ ಕೂಡಲೇ ರೋಲ್ ಒಂದು ಬದಿಗೆ 0.1 ಸರಿಯುತ್ತದೆ, ಡಯಲ್‌ನಲ್ಲಿ ಅದು 0.2 ಆಗಿ ಕಾಣುತ್ತದೆ. ಎರಡು, ಹೊರಮೈಯನ್ನು ಒಂದು ಹಿಡಿತದಲ್ಲಿ ತಿರುಗಿಸಿ, ತೆಗೆದು, ಉಲ್ಟಾ ಹಿಡಿದು ಬೋರ್ ಹೊಡೆದಿದ್ದೀರಿ. ಮೂರು ಜಾ (ಕಚ್ಚಿ ಹಿಡಿಯುವ ಹಲ್ಲು) ಇರುವ ಸಾಧಾರಣ ಚಕ್ ಕೆಲಸವನ್ನು ಬಿಟ್ಟು ಹಿಡಿದಾಗ 0.05ರಿಂದ 0.1 ಮಿ.ಮೀ. ಅತ್ತಿತ್ತ ಹಿಡಿಯುವುದು ಸಹಜ. ಅದನ್ನು ದೋಷ ಎನ್ನಲಾಗದು, ಅದರ ಗುಣವೇ ಅಷ್ಟು.

ಹಾಗಾಗಿ ಬೋರ್ ಮೊದಲು, ಹೊರಮೈ ಆಮೇಲೆ. ರೌಂಡನ್ನು ಚಕ್‌ನಲ್ಲಿ ಹಿಡಿದು ಫೇಸಿಂಗ್ ಮಾಡಿ (ಎದುರು ಮುಖವನ್ನು ಸಮ ಕಡಿದು), ಡ್ರಿಲ್ ಹಾಕಿ, ಬೋರ್ ಮುಗಿಸಿ ತೆಗೆಯಿರಿ. ಈಗ ಚಕ್‌ನಲ್ಲಿ ಒಂದು ತುಂಡು ರಾಡ್ ಹಿಡಿದು, ಅದನ್ನು ನಿಮ್ಮ ಬೋರಿಗೆ ಬಿಗಿಯಾಗಿ ಜಾರುವಷ್ಟು ತಿರುಗಿಸಿ. ಕೈಯಲ್ಲಿ ಒತ್ತಿದರೆ ಎಣ್ಣೆಯ ಪಸೆಯೊಂದಿಗೆ ಉಸ್ ಎಂದು ಹೋಗಬೇಕು, ಅಲ್ಲಾಡಿಸಿದರೆ ಟಿಕ್ ಎನ್ನಬಾರದು. ತುದಿಗೆ ಎಂ10 ಟ್ಯಾಪ್ ಹೊಡೆದು (10 ಮಿ.ಮೀ. ಬೋಲ್ಟಿಗೆ ಥ್ರೆಡ್ ಕೊರೆದು), ರೋಲನ್ನು ಏರಿಸಿ, ದಪ್ಪ ವಾಷರ್ ಹಾಕಿ ಬೋಲ್ಟ್ ಬಿಗಿಯಿರಿ. ಇದೇ ನಿಮ್ಮ ಮ್ಯಾಂಡ್ರೆಲ್. ಚಕ್ ಎಷ್ಟು ಔಟ್ ಇದ್ದರೂ ಈಗ ತೊಂದರೆಯಿಲ್ಲ, ಮ್ಯಾಂಡ್ರೆಲ್ ಅಲ್ಲೇ, ಅದೇ ಹಿಡಿತದಲ್ಲಿ ತಿರುಗಿದ್ದಲ್ಲವೇ. ಎರಡೂ ರೋಲಿನ ಹೊರಮೈ, ಏಣು, ಗಾಡಿ ಮುಗಿಯುವ ತನಕ ಅದನ್ನು ಚಕ್‌ನಿಂದ ತೆಗೆಯಬೇಡಿ. ಊಟಕ್ಕೆ ಎದ್ದರೂ ಹಾಗೇ ಇರಲಿ.

ಈಗಾಗಲೇ ದೊಡ್ಡದಾದ ಬೋರನ್ನು ಬಿಸಾಡಬೇಕಿಲ್ಲ. 28ಕ್ಕೆ ಬೋರ್ ಮಾಡಿ, ಒಂದು ಬುಶ್ (ಕೊಳವೆಯಂಥ ತುಂಡು) ಒತ್ತಿ ಕೂರಿಸಿ, ಮತ್ತೆ 22ಕ್ಕೆ ಬೋರ್ ಮಾಡಿ. ಆಮೇಲೆ ಮ್ಯಾಂಡ್ರೆಲ್ ಮೇಲೆ ಹೊರಮೈಗೆ ಒಂದು ಸಣ್ಣ ಕಟ್ ಕೊಡಲೇಬೇಕು. ಬೋರಿಗೆ ತೆಳು ಹಿತ್ತಾಳೆ ಹಾಳೆಯ ಪ್ಯಾಕಿಂಗ್ ಕೊಟ್ಟರೆ ಅಂದಿನ ಕೆಲಸ ನಡೆದೀತು, ಮುಂದಿನ ವಾರ ಮತ್ತೆ ಅದೇ ದೂರು.

ರೋಲ್ ಶಾಫ್ಟಿನ ಮೇಲೆ ಅರ್ಧಕ್ಕೆ ನಿಲ್ಲುತ್ತದೆ

ಸುತ್ತಿಗೆ ಎತ್ತಬೇಡಿ. ಮೊದಲು ಶಾಫ್ಟನ್ನು ಬೆರಳಿನಿಂದ ಸವರಿ. ಹಿಂದೆ ಗ್ರಬ್ ಸ್ಕ್ರೂ ಕಚ್ಚಿದ ಜಾಗದಲ್ಲಿ ಬರ್, ಅಂದರೆ ಲೋಹದ ಚೂಪು ಮುಳ್ಳು, ಎದ್ದಿರುತ್ತದೆ. ನಯ ಅರದಿಂದ ಅದನ್ನು ತೆಗೆದರೆ ಎಷ್ಟೋ ಸಲ ಅಲ್ಲಿಗೇ ಮುಗಿಯುತ್ತದೆ. ಗ್ರಬ್ ಸ್ಕ್ರೂ ಕೂರುವಲ್ಲಿ ಶಾಫ್ಟಿಗೆ ಸಣ್ಣ ಫ್ಲ್ಯಾಟ್ ಅರೆದಿಟ್ಟರೆ ಬರ್ ಎದ್ದರೂ ಅಡ್ಡ ಬರುವುದಿಲ್ಲ.

ಬರ್ ಇಲ್ಲದಿದ್ದರೆ ರೋಲನ್ನು ತಿರುಗಿಸಿ ಇನ್ನೊಂದು ಬದಿಯಿಂದ ಹಾಕಿ ನೋಡಿ. ಒಂದು ಬದಿಯಿಂದ ಹೋಗಿ, ಇನ್ನೊಂದು ಬದಿಯಿಂದ ಬಾಯಲ್ಲೇ ನಿಂತರೆ ಬೋರ್ ಟೇಪರ್ ಆಗಿದೆ, ಅಂದರೆ ಒಂದು ಕಡೆ ಅಗಲ, ಇನ್ನೊಂದು ಕಡೆ ಕಿರಿದು. ತೂತಿನ ಒಳಮೈ ಕಡಿಯುವ ಬೋರಿಂಗ್ ಬಾರ್ ಒಳಗೆ ಹೋದಂತೆ ಬಗ್ಗಿದ್ದು ಅಥವಾ ಟೂಲ್ ಮೊಂಡಾಗಿದ್ದು ಮಾಮೂಲಿ ಕಾರಣ. 12 ಮಿ.ಮೀ. ಬಾರ್ ಟೂಲ್ ಪೋಸ್ಟಿನಿಂದ 48 ಮಿ.ಮೀ.ಗಿಂತ ಹೆಚ್ಚು ಚಾಚಬಾರದು, ದಪ್ಪದ ನಾಲ್ಕರಷ್ಟು ಎಂದು ನೆನಪಿಟ್ಟುಕೊಳ್ಳಿ. ಕೊನೆಯ ಅಳತೆಯಲ್ಲಿ ಟೂಲ್ ಸರಿಸುವ ಹಿಡಿಕೆಯ ಡಯಲ್ ಮುಟ್ಟದೆ ಎರಡು ಮೂರು ಸಲ ಹಾಗೇ ಹಾಯಿಸಿ. ಬಗ್ಗಿದ ಬಾರ್ ನೆಟ್ಟಗಾಗುತ್ತಾ ಉಳಿದದ್ದನ್ನು ತೆಗೆಯುತ್ತದೆ.

ಹಾಗೆ ಮಾಡಿದರೂ ಟೇಪರ್ ಉಳಿದರೆ ಲೇತನ್ನೇ ಪರೀಕ್ಷಿಸಬೇಕು. 25 ಮಿ.ಮೀ. ರಾಡನ್ನು 100 ಮಿ.ಮೀ. ಹೊರಗೆ ಚಾಚುವಂತೆ ಹಿಡಿದು, ಇನ್ನೊಂದು ತುದಿಗೆ ಟೇಲ್‌ಸ್ಟಾಕ್ ಆಧಾರ ಕೊಡದೆ, ಚಕ್ ಹತ್ತಿರ ಒಂದು ಪಟ್ಟಿ, ತುದಿಯಲ್ಲಿ ಒಂದು ಪಟ್ಟಿ ಬಿಟ್ಟು ನಡುವಿನದನ್ನು ತಗ್ಗಿಸಿ. ಚೂಪಾದ ಟೂಲಿನಿಂದ, ಒಂದೇ ಸೆಟ್ಟಿಂಗ್‌ನಲ್ಲಿ, ಎರಡೂ ಪಟ್ಟಿಗೆ ತೆಳು ಕಟ್ ಕೊಟ್ಟು ಅಳೆಯಿರಿ. ವ್ಯತ್ಯಾಸ ಬಂದರೆ ಹೆಡ್‌ಸ್ಟಾಕ್ (ಚಕ್ ಹೊತ್ತ ಪೆಟ್ಟಿಗೆ) ಬಿಚ್ಚುವ ಮಾತು ಬೇಡ, ಲೇತಿನ ಕಾಲು ನೋಡಿ. ಸಮವಿಲ್ಲದ ಬೆಂಚಿಗೆ ನಾಲ್ಕೂ ಬೋಲ್ಟ್ ಬಿಗಿದರೆ ಸಣ್ಣ ಲೇತಿನ ಬೆಡ್ (ಉದ್ದನೆಯ ತಳ) ಒದ್ದೆ ಬಟ್ಟೆ ಹಿಂಡಿದ ಹಾಗೆ ತಿರುಚಿಕೊಳ್ಳುತ್ತದೆ. ಬೋಲ್ಟ್‌ಗಳನ್ನು ಸಡಿಲಿಸಿ, ತೂಗಾಡುವ ಕಾಲಿನ ಕೆಳಗೆ ತೆಳು ಪ್ಯಾಕಿಂಗ್ ಕೊಟ್ಟು, ಪಟ್ಟಿಗಳಿಗೆ ಮತ್ತೆ ಕಟ್ ಕೊಟ್ಟು ಅಳೆಯಿರಿ. ನನ್ನ ಲೇತಿನಲ್ಲಿ ಹಳೆಯ ಬ್ಲೇಡಿನ ಒಂದು ತುಂಡು ಸಾಕಾಯಿತು. ಇಷ್ಟಾದ ಮೇಲೂ ವ್ಯತ್ಯಾಸ ಉಳಿದರೆ ಹೆಡ್‌ಸ್ಟಾಕ್ ಹೊಂದಿಸಬಲ್ಲ ಅನುಭವಿಯನ್ನು ಕರೆಯಿರಿ. ಊಹೆಯ ಮೇಲೆ ಅದರ ಬೋಲ್ಟ್ ಸಡಿಲಿಸಿದರೆ ಇದ್ದ ನೇರವೂ ಹೋಗುತ್ತದೆ.

ಬೀಡಿನ ಮೇಲೆ ಸಣ್ಣ ಸಣ್ಣ ಅಲೆ, ಬೆಳಕಿಗೆ ಮಿನುಗುತ್ತದೆ

ಒಂದೆರಡು ಮಿಲಿಮೀಟರಿಗೊಂದರಂತೆ ಅಡ್ಡಗೆರೆ ಕಂಡರೆ, ರೋಲಿನ ಮೇಲೆ ಉಗುರಿನಿಂದ ಗೀರಿ. ರೋಲಿನಲ್ಲೂ ಅದೇ ಗೆರೆ ಉಗುರಿಗೆ ಸಿಕ್ಕರೆ ಅದು ಚಾಟರ್. ಟೂಲ್ ಕಡಿಯುವಾಗ ನಡುಗಿದ್ದು ಅಚ್ಚಾಗಿ ಉಳಿದಿದೆ. ಅಲ್ಯುಮಿನಿಯಂ ತಗಡಿನ ಮೇಲೆ ಇದು ಹೆಚ್ಚು ಎದ್ದು ಕಾಣುತ್ತದೆ.

ಖರ್ಚಿಲ್ಲದ ಪರೀಕ್ಷೆಗಳೇ ಮೊದಲು. ಟೂಲ್ ಎಷ್ಟು ಹೊರಗೆ ಚಾಚಿದೆ? ಒಳಕ್ಕೆ ಎಳೆಯಿರಿ. ಎತ್ತರ ಸರಿಯಿದೆಯೇ? ಟೂಲಿನ ತುದಿಗೂ ರೌಂಡಿಗೂ ನಡುವೆ ತೆಳು ಸ್ಟೀಲ್ ಸ್ಕೇಲ್ ಸಿಕ್ಕಿಸಿ, ಲೇತ್ ನಿಂತಿರುವಾಗ ಮೆಲ್ಲಗೆ ಒತ್ತಿ. ಸ್ಕೇಲ್ ನೆಟ್ಟಗೆ ನಿಂತರೆ ಟೂಲ್ ಸೆಂಟರಿನಲ್ಲಿದೆ. ಸ್ಕೇಲಿನ ಮೇಲ್ತುದಿ ನಿಮ್ಮ ಕಡೆ ವಾಲಿದರೆ ಟೂಲ್ ಕೆಳಗಿದೆ, ಆಚೆ ವಾಲಿದರೆ ಮೇಲಿದೆ. ಟೂಲನ್ನು ಆಯಿಲ್ ಸ್ಟೋನ್‌ಗೆ ಕೊಟ್ಟು ಹರಿತ ಮಾಡಿ. ಟೂಲನ್ನು ಅಡ್ಡಕ್ಕೆ ಸರಿಸುವ ಕ್ರಾಸ್ ಸ್ಲೈಡ್ ಮತ್ತು ಅದರ ಮೇಲೆ ಕೂತು ಕೋನಕ್ಕೆ ತಿರುಗುವ ಕಂಪೌಂಡಿನ ಜಿಬ್ ಸ್ಕ್ರೂಗಳನ್ನು (ಸ್ಲೈಡಿನ ಸಡಿಲ ತೆಗೆಯುವ ಸ್ಕ್ರೂ), ಸ್ಲೈಡ್ ಸ್ವಲ್ಪ ಬಿಗಿಯಾಗಿ ಆದರೆ ತಡೆಯಿಲ್ಲದೆ ಓಡುವಷ್ಟು ಹೊಂದಿಸಿ.

ಆಮೇಲೆ ವೇಗ. ಎಚ್‌ಎಸ್‌ಎಸ್ (ಹೈ ಸ್ಪೀಡ್ ಸ್ಟೀಲ್) ಟೂಲಿಗೆ ಮೈಲ್ಡ್ ಸ್ಟೀಲ್ ಮೇಲೆ ನಿಮಿಷಕ್ಕೆ 25 ಮೀಟರ್ ಹಿಡಿದರೆ, 60 ಮಿ.ಮೀ. ರೌಂಡಿಗೆ ಸುಮಾರು 130 ಸುತ್ತು ಬರುತ್ತದೆ. ಇದು ಸಾಧಾರಣ ಟರ್ನಿಂಗಿಗೆ. ಬೀಡಿನ ಆಕಾರಕ್ಕೆ ಅರೆದ ಫಾರ್ಮ್ ಟೂಲ್ ಇಳಿಸುವಾಗ ಅದರ ಅರ್ಧ, ಸಾಧ್ಯವಾದರೆ ಇನ್ನೂ ಕಡಿಮೆ.

ಇಲ್ಲಿ ಸಣ್ಣ ಲೇತಿನ ಮಿತಿಯನ್ನು ಒಪ್ಪಿಕೊಳ್ಳಬೇಕು. ಹರಿಹರದ ಮೈಸೂರು ಕಿರ್ಲೋಸ್ಕರ್, ಬೆಂಗಳೂರಿನ ಎಚ್‌ಎಂಟಿ ಲೇತ್‌ಗಳು ಇಂದಿಗೂ ಎಷ್ಟೋ ವರ್ಕ್‌ಶಾಪ್‌ಗಳಲ್ಲಿ ದುಡಿಯುತ್ತಿವೆ. ಅವುಗಳ ಭಾರವೇ ನಡುಕವನ್ನು ನುಂಗುತ್ತದೆ. ಅಂಥದರ ಮೇಲೆ ಅಗಲದ ಫಾರ್ಮ್ ಟೂಲ್ ನಿರಾಳವಾಗಿ ಇಳಿಯುತ್ತದೆ. ಬೆಂಚಿನ ಮೇಲೆ ಕೂರುವ ಲೇತಿನಲ್ಲಿ 8 ಮಿ.ಮೀ. ಅಗಲದ ಟೂಲ್ ಒಮ್ಮೆಗೇ ಇಳಿಸಿದರೆ ಕಿರುಚದೆ ಇರದು. ಆದ್ದರಿಂದ ಗಾಡಿಯನ್ನು ಕಿರಿದಾದ ಟೂಲಿನಿಂದ ಮೆಟ್ಟಿಲು ಮೆಟ್ಟಿಲಾಗಿ ತೆಗೆದು, ಕೊನೆಯ 0.2 ಮಿ.ಮೀ.ಗೆ ಮಾತ್ರ ಫಾರ್ಮ್ ಟೂಲ್ ಹಚ್ಚಿ. ಆಗಲೂ ನಡುಗಿದರೆ ಪ್ಲಗ್ ಕಿತ್ತು, ಚಕ್ಕನ್ನು ಕೈಯಿಂದ ತಿರುಗಿಸುತ್ತಾ ಎಣ್ಣೆ ಹಾಕಿ ಕೊನೆಯ ಕಟ್ ತೆಗೆಯಿರಿ. ಐದು ನಿಮಿಷದ ಕೆಲಸ, ಕನ್ನಡಿಯಂಥ ಮೈ.

ಗಂಡು ರೋಲಿನ ಏಣು ಸರಿಯಾಗಿ ದುಂಡಗಿದೆಯೇ ಎಂದು ನೋಡಲು ಗೇಜ್ ಕೊಳ್ಳಬೇಕಿಲ್ಲ. ತುಂಡು ತಗಡಿಗೆ 6 ಮಿ.ಮೀ. ಡ್ರಿಲ್ ಹಾಕಿ, ತೂತಿನ ನಡುವೆ ಸರಿಯಾಗಿ ಕತ್ತರಿಸಿದರೆ ಅರ್ಧಚಂದ್ರ ಸಿಗುತ್ತದೆ. ಲೇತ್ ನಿಲ್ಲಿಸಿ ಅದನ್ನು ಏಣಿನ ಮೇಲೆ ಕೂರಿಸಿ ಹಿಂದಿನಿಂದ ಟಾರ್ಚ್ ಹಿಡಿಯಿರಿ. ಬೆಳಕು ನುಸುಳುವಲ್ಲಿ ಲೋಹ ಕಡಿಮೆ, ಮುಟ್ಟಿಕೊಂಡಿರುವಲ್ಲಿ ಇನ್ನೂ ತೆಗೆಯಬೇಕು.

ಇಷ್ಟೆಲ್ಲ ಆದರೂ ಚಾಟರ್ ನಿಲ್ಲದಿದ್ದರೆ ಡಯಲ್ ಗೇಜನ್ನು ಚಕ್ ಕೂತ ಸ್ಪಿಂಡಲ್ ಮೇಲೆ ಇಟ್ಟು ಚಕ್ಕನ್ನು ಕೈಯಿಂದ ಮೇಲಕ್ಕೆತ್ತಿ ನೋಡಿ. ಮುಳ್ಳು ಸ್ಪಷ್ಟವಾಗಿ ಜಿಗಿದರೆ ಸ್ಪಿಂಡಲ್ ಬೇರಿಂಗ್ ಸಡಿಲ ಅಥವಾ ಸವೆದಿದೆ. ಬೇರಿಂಗ್ ಬದಲಿಸಿ ಅಭ್ಯಾಸವಿಲ್ಲದಿದ್ದರೆ ಇಲ್ಲಿ ನಿಲ್ಲಿ. ಗಟ್ಟಿ ಮಾಡಿದ ಬೇರಿಂಗಿಗೆ ಸುತ್ತಿಗೆಯಲ್ಲಿ ಹೊಡೆದರೆ ಚೂರು ಸಿಡಿದು ಕಣ್ಣಿಗೆ ಬರುತ್ತದೆ.

ತಗಡು ಹರಿಯುತ್ತದೆ ಅಥವಾ ಬೀಡಿನ ಬುಡದಲ್ಲಿ ಬಿಳಿಗೆರೆ ಬೀಳುತ್ತದೆ

ಬಿಳಿಗೆರೆ ಎಂದರೆ ಹರಿಯುವ ಮುಂಚಿನ ಎಚ್ಚರಿಕೆ. ಒಂದೇ ಸಲಕ್ಕೆ ಪೂರ್ತಿ ಆಳ ಒತ್ತಿದಿರಾ? ಸ್ಕ್ರೂವನ್ನು ಕಾಲು ಸುತ್ತಿನಂತೆ ಇಳಿಸುತ್ತಾ ಮೂರು ನಾಲ್ಕು ಸಲ ಹಾಯಿಸಿ. ಹ್ಯಾಂಡಲ್‌ಗೆ ಮೈಭಾರ ಬಿಡಬೇಕಾಗಿ ಬಂದರೆ ಒತ್ತಡ ಜಾಸ್ತಿಯಾಯಿತು ಎಂದೇ ಅರ್ಥ.

ಅದು ಸರಿಯಿದ್ದರೆ ಹೆಣ್ಣು ರೋಲಿನ ಗಾಡಿಯ ಅಗಲ ಅಳೆಯಿರಿ. ಬೀಡಿನ ಅಗಲಕ್ಕೆ ತಗಡಿನ ದಪ್ಪ ಎರಡು ಸಲ ಸೇರಿಸಬೇಕು: 6 ಕೂಡಿಸು 1.8, ಅಂದರೆ 7.8 ಮಿ.ಮೀ. 6.5ಕ್ಕೋ 7ಕ್ಕೋ ನಿಲ್ಲಿಸಿದ್ದರೆ ಅದು ತಗಡನ್ನು ಕತ್ತರಿಯ ಹಾಗೆ ಕತ್ತರಿಸುತ್ತದೆ. ಗಾಡಿಯ ಬಾಯಿಯ ಎರಡೂ ಅಂಚು ಚೂಪಾಗಿದ್ದರೂ ಅದೇ ಗತಿ. ಕನಿಷ್ಠ ತಗಡಿನ ದಪ್ಪದಷ್ಟಾದರೂ ದುಂಡು ಕೊಡಿ.

ಒಂದೇ ಬದಿಯಲ್ಲಿ ಹರಿಯುತ್ತಿದ್ದರೆ ಗಂಡು ರೋಲ್ ಗಾಡಿಯ ನಡುವೆ ಕೂತಿಲ್ಲ. ಗಾಡಿಯ ಎರಡೂ ಇಳಿಜಾರಿನ ಮೇಲೆ ಒಂದೊಂದು ತುಂಡು ಸೋಲ್ಡರ್ ತಂತಿ ಇಟ್ಟು ರೋಲ್ ತಿರುಗಿಸಿ. ಚಪ್ಪಟೆಯಾದ ಎರಡೂ ತುಂಡನ್ನು ವರ್ನಿಯರ್‌ನಲ್ಲಿ ಹಿಡಿದರೆ ಯಾವ ಕಡೆ ಎಷ್ಟು ಸಂದಿದೆ ಎಂಬುದು ಅಂಕಿಯಲ್ಲೇ ಸಿಗುತ್ತದೆ. ವಾಷರ್ ಹಾಕಿ ರೋಲನ್ನು ಆ ಕಡೆ ಈ ಕಡೆ ಸರಿಸಿ ಸಮ ಮಾಡಿ. ಸಂದಿ ಸಮವಾದರೂ ತಗಡು ಹಾಯಿಸುವಾಗ ಕೆಡುತ್ತಿದ್ದರೆ ಶಾಫ್ಟ್ ಉದ್ದಕ್ಕೆ ಆಡುತ್ತಿದೆ. ಹಿಡಿದು ಎಳೆದು ತಳ್ಳಿದರೆ ತಿಳಿಯುತ್ತದೆ.

ಗಟ್ಟಿಯಾದ ಅಲ್ಯುಮಿನಿಯಂ ತಗಡು ರೋಲ್ ಎಷ್ಟು ಚೆನ್ನಾಗಿದ್ದರೂ ಬಿರಿಯಬಹುದು. ಹಳಬರು ಅದರ ಮೇಲೆ ಬಟ್ಟೆ ಸೋಪು ಉಜ್ಜಿ, ಸೋಪು ಕಂದಿ ಕಪ್ಪಾಗುವವರೆಗೆ ಬ್ಲೋ ಲ್ಯಾಂಪಿನಲ್ಲಿ ಬಿಸಿ ಮಾಡಿ ಮೆದು ಮಾಡಿಕೊಳ್ಳುತ್ತಾರೆ. ಅಷ್ಟಕ್ಕೇ ಜ್ವಾಲೆ ತೆಗೆಯಬೇಕು, ಅಲ್ಯುಮಿನಿಯಂ ಕೆಂಪಾಗಿ ಎಚ್ಚರಿಸುವುದಿಲ್ಲ, ನೇರ ಕರಗಿ ಬೀಳುತ್ತದೆ. ಜಿ.ಐ., ಅಂದರೆ ಸತು ಲೇಪಿಸಿದ, ತಗಡಿಗೆ ಮಾತ್ರ ಬೆಂಕಿ ತೋರಿಸಬೇಡಿ. ಸತುವಿನ ಹೊಗೆ ಕುಡಿದರೆ ಅಂದು ರಾತ್ರಿ ಚಳಿಜ್ವರ ಬರುತ್ತದೆ.

ಗೆರೆ ಹಿಡಿದು ಹೋಗುವುದಿಲ್ಲ, ತಗಡು ಒಂದು ಬದಿಗೆ ಎಳೆಯುತ್ತದೆ

ಮೊದಲ ಸಲ ಹಾಯಿಸುವಾಗ ಒತ್ತಡ ತೀರಾ ಕಡಿಮೆ ಇದ್ದರೆ ತಗಡಿಗೆ ದಾರಿ ಸಿಗುವುದಿಲ್ಲ. ಒಂದು ಗೈಡ್ ಪಟ್ಟಿ ಬಿಗಿದು ಮತ್ತೆ ನೋಡಿ. ಗೈಡ್ ಇದ್ದೂ ತಗಡು ಯಾವಾಗಲೂ ಒಂದೇ ಕಡೆ ತಿರುಗುತ್ತಿದ್ದರೆ ರೋಲಿನ ಎಡ ಬಲ ಭುಜಗಳ ವ್ಯಾಸ ಅಳೆಯಿರಿ. ದಪ್ಪ ಇರುವ ಬದಿ ತಗಡನ್ನು ಬೇಗ ಎಳೆಯುತ್ತದೆ, ಆದ್ದರಿಂದ ತಗಡು ಸಣ್ಣ ಬದಿಯ ಕಡೆ ಬಾಗುತ್ತದೆ. ರೋಲನ್ನು ಕಂಪೌಂಡ್ ಸ್ಲೈಡಿನಿಂದ ತಿರುಗಿಸಿದ್ದರೆ ಕಾರಣ ಅಲ್ಲೇ ಇದೆ: ಅದರ ಡಿಗ್ರಿ ಗುರುತಿನ ಸೊನ್ನೆಯನ್ನು ನಂಬಲಾಗದು. ಬೆಡ್ ಉದ್ದಕ್ಕೂ ಸರಿಯುವ ಕ್ಯಾರೇಜ್ ಓಡಿಸಿ ಮತ್ತೊಂದು ಕಟ್ ತೆಗೆಯಿರಿ.

ತಗಡು ದೋಣಿಯ ಹಾಗೆ ಮಡಚಿಕೊಳ್ಳುತ್ತದೆ

ಇದಕ್ಕೆ ಲೇತ್ ಹೊಣೆಯಲ್ಲ. ಉಬ್ಬಲು ಬೇಕಾದ ಲೋಹವನ್ನು ಬೀಡ್ ಅಕ್ಕಪಕ್ಕದಿಂದ ಎಳೆದುಕೊಳ್ಳುತ್ತದೆ, ತಗಡು ಸೆಳೆದುಕೊಳ್ಳುತ್ತದೆ. ನಡುವಿನ ಬೀಡ್ ಮೊದಲು ಹಾಕಿ ಹೊರಕ್ಕೆ ಬನ್ನಿ, ಎಲ್ಲ ಬೀಡನ್ನೂ ಅರ್ಧ ಆಳಕ್ಕೆ ಮುಗಿಸಿ ಆಮೇಲೆ ಎರಡನೇ ಸುತ್ತು ಹೋಗಿ, ಅಂಚಿಗೆ 15–20 ಮಿ.ಮೀ. ಮುಂಚೆಯೇ ನಿಲ್ಲಿಸಿ.

ಲೇತ್ ಎಳೆಯುತ್ತಿಲ್ಲ, ಮೋಟಾರ್ ಗುಂಯ್ ಎನ್ನುತ್ತದೆ

ಪ್ಲಗ್ ಕಿತ್ತು ಚಕ್ಕನ್ನು ಕೈಯಿಂದ ತಿರುಗಿಸಿ. ಸಲೀಸಾಗಿ ತಿರುಗಿದರೆ ಬೆಲ್ಟ್ ಸಡಿಲವಿದೆಯೇ ನೋಡಿ. ಉದ್ದನೆಯ ತೆಳು ಎಕ್ಸ್‌ಟೆನ್ಷನ್ ವೈರ್ ಹಾಕಿದ್ದರೆ ಅದನ್ನು ತೆಗೆದು ನೇರ ಗೋಡೆಯ ಸಾಕೆಟ್‌ಗೆ ಕೊಟ್ಟು ನೋಡಿ. ಸಂಜೆ ವೋಲ್ಟೇಜ್ ಇಳಿಯುವ ಊರಾದರೆ ಬೆಳಗ್ಗೆ ಪರೀಕ್ಷಿಸಿ. ಇಷ್ಟಕ್ಕೂ ಹೋಗದ ಗುಂಯ್ ಸದ್ದು ಸಿಂಗಲ್ ಫೇಸ್ ಮೋಟಾರಿನಲ್ಲಿ ಬಹುತೇಕ ಕೆಪಾಸಿಟರಿನದು. ಪ್ಲಗ್ ಕಿತ್ತ ಮೇಲೂ ಅದರಲ್ಲಿ ಕರೆಂಟ್ ಉಳಿದಿರುತ್ತದೆ, ಮುಚ್ಚಳ ತೆಗೆಯುವುದನ್ನು ಎಲೆಕ್ಟ್ರಿಷಿಯನ್‌ಗೆ ಬಿಡಿ. ಲೇತ್ ಮೈ ಮುಟ್ಟಿದಾಗ ಜುಮ್ ಎಂದರಂತೂ ಅರ್ಥಿಂಗ್ ಸರಿಪಡಿಸುವ ತನಕ ಅದನ್ನು ಹಚ್ಚಲೇಬೇಡಿ.

ಟೂಲ್ ಜಾರುತ್ತದೆ, ತುದಿ ಸುಟ್ಟು ಹೋಗುತ್ತದೆ

ಗುಜರಿ ರೌಂಡ್ ಮೈಲ್ಡ್ ಸ್ಟೀಲ್ ಆಗಿರಲಿಕ್ಕಿಲ್ಲ. ಮೂಲೆಯಲ್ಲಿ ಅರ ಎಳೆದು ನೋಡಿ. ಅರ ಕಚ್ಚದೆ ಗಾಜಿನ ಮೇಲೆ ಜಾರಿದ ಹಾಗೆ ಜಾರಿದರೆ ಅದು ಗಟ್ಟಿ ಮಾಡಿದ ಉಕ್ಕು, ಆಕ್ಸಲ್ಲೋ ಪಿಸ್ಟನ್ ಪಿನ್ನೋ ಇದ್ದೀತು. ಅದನ್ನು ಪಕ್ಕಕ್ಕಿಟ್ಟು ಬೇರೆ ತುಂಡು ತನ್ನಿ. 20 ಗೇಜ್‌ವರೆಗಿನ ತಗಡಿಗೆ, ಮನೆಯ ಮಟ್ಟದ ಕೆಲಸಕ್ಕೆ, ಮೈಲ್ಡ್ ಸ್ಟೀಲ್ ರೋಲೇ ಸಾಕು. ದಿನವಿಡೀ ಓಡುವ ಮಶೀನಿಗಾದರೆ ಇಎನ್8 ಎಂಬ, ಗಟ್ಟಿ ಮಾಡಬಲ್ಲ ಉಕ್ಕಿನ ರೌಂಡಿನಲ್ಲಿ ಮಾಡಿ ಹೀಟ್ ಟ್ರೀಟ್‌ಮೆಂಟ್ ಅಂಗಡಿಗೆ ಕೊಡಿ. ಮನೆಯಲ್ಲಿ ಕೆಂಪಗೆ ಕಾಯಿಸಿ ಎಣ್ಣೆಗೆ ಅದ್ದುವ ಸಾಹಸ ಬೇಡ, ಎಣ್ಣೆ ಹೊತ್ತಿಕೊಳ್ಳುತ್ತದೆ. ವಾಪಸ್ ಬಂದ ಮೇಲೆ ಬೋರನ್ನು ಮತ್ತೆ ಅಳೆಯಿರಿ, ಕಾದು ಆರಿದ ಉಕ್ಕು ಅಳತೆ ಬದಲಿಸಿರುತ್ತದೆ.

ರೋಲ್ ಸರಿಹೋದ ದಿನ ಹಾಯಿಸಿದ ತುಂಡು ತಗಡನ್ನು ಬಿಸಾಡಬೇಡಿ. ಅದರ ಮೇಲೆ ಗೇಜ್, ಸ್ಕ್ರೂವಿನ ಸುತ್ತು, ಎಷ್ಟು ಸಲ ಹಾಯಿಸಿದ್ದು ಎಂದು ಮೊಳೆಯಿಂದ ಕೊರೆದು, ಆ ರೋಲ್ ಜೊತೆಗೇ ತಂತಿಯಲ್ಲಿ ಕಟ್ಟಿ ತೂಗುಹಾಕಿ. ಆರು ತಿಂಗಳ ಮೇಲೆ ಬೀಡ್ ಕೆಟ್ಟಾಗ ಮೊದಲು ಪಕ್ಕದಲ್ಲಿಟ್ಟು ನೋಡಬೇಕಾದದ್ದು ಅದನ್ನೇ.